ಹಳೆ ಟಿವಿ, ಚೌಕ್‌ನ ಉಸ್ತಾದ್ ಮತ್ತು ಹನ್ನೊಂದು ಕ್ವಿಂಟಲ್ ತೊಗರಿ

ಮನೆಯಲ್ಲಿ ಹಳೆಯ ಬ್ಲ್ಯಾಕ್ ಅಂಡ್ ವೈಟ್ ಟಿವಿ ಇದೆಯಾ? ಗುಜರಿಗೆ ಹಾಕಲು ಮನಸ್ಸು ಬರುತ್ತಿಲ್ಲವಾ? ಹಾಗಾದರೆ ಕಲಬುರಗಿಯ ಚೌಕ್ ಕಡೆ ಒಮ್ಮೆ ಹೋಗಿ ಬನ್ನಿ. ಸೂಪರ್ ಮಾರ್ಕೆಟ್‌ನಿಂದ ಚೌಕ್‌ಗೆ ಹೋಗುವ ದಾರಿಯ ಒಂದು ಒಳಗಲ್ಲಿಯಲ್ಲಿ ಟಿವಿ ರಿಪೇರಿ ಅಂಗಡಿ ಇದೆ. ಬೋರ್ಡಿನ ಬಣ್ಣ ಪೂರ್ತಿ ಹೋಗಿದೆ, ಹೆಸರು ಓದಲು ಬರುವುದಿಲ್ಲ. ಸುತ್ತಮುತ್ತ ಯಾವ ಚಹಾದ ಅಂಗಡಿಯಲ್ಲಿ "ವಾಲ್ವ್ ಟಿವಿ ಉಸ್ತಾದ್ ಎಲ್ಲಿ?" ಎಂದು ಕೇಳಿದರೂ ಕೈ ಮಾಡಿ ತೋರಿಸುತ್ತಾರೆ. ವಾಲ್ವ್ ಅಂದರೆ ಹಳೆಯ ಸೆಟ್ಟುಗಳಲ್ಲಿ ಟ್ರಾನ್ಸಿಸ್ಟರಿನ ಕೆಲಸ ಮಾಡುವ, ಬಲ್ಬಿನಂಥ ಗಾಜಿನ ಭಾಗ. ತಮ್ಮ ಹೆಸರು ಬರೆಯಬೇಡಿ ಎಂದು ಉಸ್ತಾದ್ ಹೇಳಿದ್ದಾರೆ, ಅದಕ್ಕೇ ಬರೆಯುತ್ತಿಲ್ಲ.

ನಮ್ಮದು 20 ಇಂಚಿನ ಸೆಟ್. ಮರದ ಪೆಟ್ಟಿಗೆ. ಎದುರಿಗೆ ಎರಡೂ ಕಡೆಯಿಂದ ಸರಿದು ಬಂದು ಸೇರುವ ಶಟರ್, ಶಟರಿಗೆ ಒಂದು ಪುಟ್ಟ ಕೀಲಿ. ಬಲಗಡೆ ಚಾನಲ್ ತಿರುಗಿಸುವ ದಪ್ಪ ಗುಂಡಿ. ತಿರುಗಿಸಿದರೆ ಟಕ್ ಟಕ್ ಎಂದು ಒಂದೊಂದೇ ಮನೆ ದಾಟುತ್ತದೆ. ಹಿಂದುಗಡೆ ವರ್ಟಿಕಲ್ ಹೋಲ್ಡ್, ಹಾರಿಜಾಂಟಲ್ ಹೋಲ್ಡ್. ಚಿತ್ರ ಮೇಲೆ ಕೆಳಗೆ ಓಡಿದರೆ ಒಂದನ್ನು ತಿರುಗಿಸಬೇಕು, ಅಡ್ಡಡ್ಡ ಹರಿದುಹೋದರೆ ಇನ್ನೊಂದನ್ನು. ಅಪ್ಪ 1980ರಲ್ಲಿ ತಂದದ್ದು. ಕೆಲವು ವರ್ಷ ಅಟ್ಟದ ಮೇಲಿತ್ತು. ಮೊಮ್ಮಗ ನೋಡಿ "ಇದು ಚಾಲೂ ಆಗ್ತದಾ ಅಜ್ಜಾ?" ಎಂದು ಹಿಂದೆ ಬಿದ್ದ ಮೇಲೆ ಕೆಳಗಿಳಿಸಿದೆವು.

ಮೊದಲು ರೇಟಿನ ಮಾತು ಆಡಿಬಿಡುತ್ತೇನೆ. ನಾನು ನೆಹರು ಗಂಜ್‌ನಲ್ಲಿ ಅಡತ್ ಅಂಗಡಿಯ, ಅಂದರೆ ದಲ್ಲಾಳಿ ಮಂಡಿಯ, ಲೆಕ್ಕ ಬರೆಯುವವನು. ಯಾವ ವಸ್ತುವಿನ ಬೆಲೆ ಕೇಳಿದರೂ ತೊಗರಿಯಲ್ಲಿ ಎಷ್ಟಾಯಿತು ಎಂದು ನೋಡುವುದು ರೂಢಿ. ಅಪ್ಪನೂ ಹಾಗೇ, ಎಲ್ಲವನ್ನೂ ವಹಿಯಲ್ಲಿ ಬರೆದಿಡುತ್ತಿದ್ದರು. ಆ ವಹಿ ಇನ್ನೂ ಇದೆ. ಟಿವಿ, ಆಂಟೆನಾ, ಅದನ್ನು ನಿಲ್ಲಿಸಲು ಕಬ್ಬಿಣದ ಪೈಪು, ಚಪ್ಪಟೆ ತಂತಿ, ಸ್ಟೆಬಿಲೈಜರ್, ಊರಿಗೆ ತಂದ ಬಾಡಿಗೆ, ಎಲ್ಲ ಸೇರಿ 3,190 ರೂಪಾಯಿ. ಎರಡು ಹಾಳೆ ಹಿಂದೆ ಅದೇ ಸುಗ್ಗಿಯಲ್ಲಿ ತೊಗರಿ ಮಾರಿದ ಲೆಕ್ಕ ಇದೆ. ಕ್ವಿಂಟಲಿಗೆ 290 ರೂಪಾಯಿ. ಭಾಗಿಸಿ ನೋಡಿ, ಸರಿಯಾಗಿ ಹನ್ನೊಂದು ಕ್ವಿಂಟಲ್. ಅಪ್ಪ ಹನ್ನೊಂದು ಕ್ವಿಂಟಲ್ ತೊಗರಿ ಕೊಟ್ಟು ಒಂದು ಟಿವಿ ತಂದಿದ್ದರು.

ಈಗಿನ ಲೆಕ್ಕ ಹಾಕಿ. 2025-26ಕ್ಕೆ ಕೇಂದ್ರ ಸರ್ಕಾರ ತೊಗರಿಗೆ ಕಟ್ಟಿದ ಬೆಂಬಲ ಬೆಲೆ ಕ್ವಿಂಟಲಿಗೆ 8,000 ರೂಪಾಯಿ. ಹನ್ನೊಂದು ಕ್ವಿಂಟಲ್ ಅಂದರೆ 88,000. ಮಗ ಹೋದ ವರ್ಷ ತಂದ 43 ಇಂಚಿನ ಎಲ್‌ಇಡಿ ಟಿವಿಗೆ 24,000 ಬಿತ್ತು. ಅದು ಮೂರೇ ಕ್ವಿಂಟಲ್. ಬಂಗಾರದಲ್ಲಿ ಹೇಳಬೇಕೆಂದರೆ ಅವ್ವನ ಮಾತೇ ಸಾಕು. "ಎರಡು ತೊಲಾ ಬಂಗಾರ ತಂದು ಗ್ವಾಡಿಗಿ ನಿಲ್ಲಿಸ್ಯಾರ" ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು. 1980ರಲ್ಲಿ ಹತ್ತು ಗ್ರಾಂ ಬಂಗಾರ ಸಾವಿರದ ಮುನ್ನೂರರ ಆಸುಪಾಸಿನಲ್ಲಿತ್ತು. ಅವ್ವನ ಲೆಕ್ಕ ಸರಿಯಾಗಿಯೇ ಇತ್ತು.

ಇಷ್ಟು ತುಟ್ಟಿ ಯಾಕೆ? ಉಸ್ತಾದ್ ಅಂಗಡಿಯಲ್ಲಿ ಹಿಂದಿನ ಮುಚ್ಚಳ ತೆಗೆದಾಗ ಅರ್ಧ ಉತ್ತರ ಕಣ್ಣಿಗೇ ಬಿತ್ತು. ಪೆಟ್ಟಿಗೆಯ ಮುಕ್ಕಾಲು ಭಾಗ ಪಿಕ್ಚರ್ ಟ್ಯೂಬೇ. ದಪ್ಪ ಗಾಜು, ಒಳಗೆ ಗಾಳಿಯೇ ಇಲ್ಲ, ಪರದೆಯ ಒಳಮೈಗೆ ಫಾಸ್ಫರ್ ಲೇಪ, ಹಿಂದೆ ಕುತ್ತಿಗೆಯಲ್ಲಿ ಎಲೆಕ್ಟ್ರಾನ್ ಗನ್. ಇದನ್ನು ಮಾಡುವ ಕಾರ್ಖಾನೆಗಳು ಆಗ ದೇಶದಲ್ಲಿ ಬೆರಳೆಣಿಕೆಯಷ್ಟು. ನಮ್ಮ ಬೆಂಗಳೂರಿನ ಬಿಇಎಲ್ ಅದರಲ್ಲಿ ಒಂದು. ಉಳಿದ ಬಿಡಿಭಾಗಗಳಲ್ಲಿ ಹೊರದೇಶದಿಂದ ಬರುವುದೂ ಜಾಸ್ತಿ ಇತ್ತು, ಮೇಲೆ ಸುಂಕ. ಟಿವಿ ಮನೆಗೆ ಬಂದ ಮೇಲೂ ಖರ್ಚು ಮುಗಿಯುತ್ತಿರಲಿಲ್ಲ. ವರ್ಷಕ್ಕೊಮ್ಮೆ ಪೋಸ್ಟ್ ಆಫೀಸಿಗೆ ಹೋಗಿ ಲೈಸೆನ್ಸ್ ಫೀ ಕಟ್ಟಬೇಕಿತ್ತು. ರೇಡಿಯೋಗೆ ಇದ್ದ ಹಾಗೆ ಟಿವಿಗೂ ಲೈಸೆನ್ಸ್ ಪುಸ್ತಕ. ಎಂಬತ್ತರ ದಶಕದ ಮಧ್ಯದಲ್ಲಿ ಅದನ್ನು ತೆಗೆದುಹಾಕಿದರು. ನಮ್ಮ ಪುಸ್ತಕವನ್ನು ಅಪ್ಪ ಆ ವಹಿಯ ಒಳಗೇ ಇಟ್ಟಿದ್ದಾರೆ.

ಹೊರದೇಶದಲ್ಲೂ ಶುರುವಿನಲ್ಲಿ ಟಿವಿ ಬಡವರ ಕೈಗೆ ಸಿಗುವಂಥದ್ದಾಗಿರಲಿಲ್ಲ. ಲಂಡನ್ನಿನಲ್ಲಿ ಜಾನ್ ಲೋಗಿ ಬೇರ್ಡ್ 1926ರಲ್ಲಿ ತೋರಿಸಿದ ಟಿವಿಯಲ್ಲಿ ಪಿಕ್ಚರ್ ಟ್ಯೂಬೇ ಇರಲಿಲ್ಲ. ತೂತುಗಳಿದ್ದ ಒಂದು ಚಕ್ರ ತಿರುಗುತ್ತಿತ್ತು, ಹಿಂದೆ ಒಂದು ದೀಪ. ಟಿವಿಯ ಚಿತ್ರ ಗೆರೆ ಗೆರೆಯಾಗಿ ಮೂಡುತ್ತದೆ. ಅವರ ಚಿತ್ರಕ್ಕೆ 30 ಗೆರೆ ಅಷ್ಟೇ. ನಮ್ಮ ದೂರದರ್ಶನದ್ದು 625 ಗೆರೆ. ಅಮೆರಿಕದ ಆರ್‌ಸಿಎ ಕಂಪನಿ 1939ರಲ್ಲಿ ಟಿಆರ್‌ಕೆ-12 ಎಂಬ ಸೆಟ್ ತಂದಿತು, 600 ಡಾಲರ್. ಅದರ ಟ್ಯೂಬ್ ಎಷ್ಟು ಉದ್ದ ಇತ್ತೆಂದರೆ ಅಡ್ಡ ಮಲಗಿಸಲು ಆಗದೆ ನೆಟ್ಟಗೆ ನಿಲ್ಲಿಸಿದ್ದರು. ಜನ ಮುಚ್ಚಳ ಎತ್ತಿ, ಮುಚ್ಚಳದ ಒಳಗಿದ್ದ ಕನ್ನಡಿಯಲ್ಲಿ ಚಿತ್ರ ನೋಡುತ್ತಿದ್ದರು. ಯುದ್ಧ ಮುಗಿದ ಮೇಲೆ, 1946ರಲ್ಲಿ, ಅದೇ ಕಂಪನಿಯ 630-ಟಿಎಸ್ ಬಂತು. ಹತ್ತು ಇಂಚಿನ ಪರದೆ, ಟ್ಯೂಬು ವಾಲ್ವು ಎಲ್ಲ ಸೇರಿ ಮೂವತ್ತು, ಬೆಲೆ 375 ಡಾಲರ್. 1954ರಲ್ಲಿ ಅವರ ಮೊದಲ ಕಲರ್ ಸೆಟ್ಟಿಗೆ ಸಾವಿರ ಡಾಲರ್, ಪರದೆ 15 ಇಂಚು. ಇವನ್ನೆಲ್ಲ ಓದಿದಾಗ ಅಪ್ಪನ ಹನ್ನೊಂದು ಕ್ವಿಂಟಲ್ ಲೆಕ್ಕ ನನಗೆ ಸರಿಯಾಗಿ ಅರ್ಥವಾಯಿತು.

ಇಲ್ಲಿ ಕಲಬುರಗಿಯ ಬಗ್ಗೆ ಒಂದು ಮಾತು ಹೇಳಲೇಬೇಕು, ಯಾಕೆಂದರೆ ನಮ್ಮ ಹುಡುಗರಿಗೇ ಇದು ಗೊತ್ತಿಲ್ಲ. ಬೆಂಗಳೂರಿಗಿಂತ ಮೊದಲು ಟಿವಿ ಬಂದದ್ದು ನಮ್ಮ ಕಡೆ. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರಲ್ಲಿ. ನಮಗೆ 1975ರಲ್ಲೇ, ಅದೂ ಸೀದಾ ಆಕಾಶದಿಂದ. ಸೈಟ್ ಎಂಬ ಪ್ರಯೋಗ ಅದು. ಇಸ್ರೋ ಮತ್ತು ಅಮೆರಿಕದ ನಾಸಾ ಕೂಡಿ ಮಾಡಿದ್ದು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಒಂದೇ ವರ್ಷ. ಆರು ರಾಜ್ಯಗಳ 20 ಜಿಲ್ಲೆಗಳಲ್ಲಿ ಸುಮಾರು 2,400 ಹಳ್ಳಿಗಳಿಗೆ ಟಿವಿ ಕೊಟ್ಟರು. ನಮ್ಮ ರಾಜ್ಯದಲ್ಲಿ ಆರಿಸಿದ್ದು ಗುಲ್ಬರ್ಗ, ರಾಯಚೂರು, ಬಿಜಾಪುರ. ಯಾದಗಿರಿ ಆಗ ನಮ್ಮ ಜಿಲ್ಲೆಯಲ್ಲೇ ಇತ್ತು.

ನಮ್ಮೂರು ಆ ಪಟ್ಟಿಯಲ್ಲಿತ್ತು. ನಾನು ಆಗ ಮೂರನೇ ಕ್ಲಾಸು. ಶಾಲೆಯ ಅಂಗಳದಲ್ಲಿ ಕೋಳಿ ಜಾಳಿಗೆಯಿಂದ ಮಾಡಿದ ದೊಡ್ಡ ಡಿಶ್ ನಿಲ್ಲಿಸಿದರು. ಅಡ್ಡಕ್ಕೆ ಮೂರು ಮೀಟರ್, ಅಂದರೆ ಹತ್ತು ಅಡಿ. ಅದರ ತೂತಿನಲ್ಲಿ ನಮ್ಮ ಬೆರಳು ಹೋಗುತ್ತಿತ್ತು. ಇಷ್ಟು ತೂತಿರುವ ಜಾಳಿಗೆಯಲ್ಲಿ ಆಕಾಶದ ಚಿತ್ರ ಹೇಗೆ ನಿಲ್ಲುತ್ತದೆ ಎಂಬುದು ನನಗೆ ಬಹಳ ವರ್ಷ ಬಗೆಹರಿದಿರಲಿಲ್ಲ. ಉಸ್ತಾದ್ ಒಂದೇ ನಿಮಿಷದಲ್ಲಿ ಬಿಡಿಸಿ ಹೇಳಿದರು. ಆ ಉಪಗ್ರಹ ಕಳಿಸುತ್ತಿದ್ದದ್ದು 860 ಮೆಗಾಹರ್ಟ್ಜ್‌ನಲ್ಲಿ. ಆ ತರಂಗದ ಉದ್ದ ಸುಮಾರು 35 ಸೆಂಟಿಮೀಟರ್. ಅದಕ್ಕೆ ಹೋಲಿಸಿದರೆ ಜಾಳಿಗೆಯ ತೂತು ತೀರಾ ಚಿಕ್ಕದು. ತರಂಗದ ಪಾಲಿಗೆ ಅದು ತಗಡೇ. ಹಾಗಾಗಿ ತಗಡಿನ ಖರ್ಚು ಉಳಿಯಿತು, ಗಾಳಿಗೆ ಡಿಶ್ ಬೀಳುವ ಭಯವೂ ಕಡಿಮೆಯಾಯಿತು.

ಇನ್ನೊಂದು ಜಾಣತನ ಮೇಲುಗಡೆ ಇತ್ತು. ಎಟಿಎಸ್-6 ಎಂಬ ಆ ಉಪಗ್ರಹ ಭೂಮಿಯಿಂದ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿತ್ತು. ಅದರ ಟ್ರಾನ್ಸ್‌ಮಿಟರ್ ಬರೀ 80 ವ್ಯಾಟ್. ಆದರೆ ಅದಕ್ಕೆ ಒಂಬತ್ತು ಮೀಟರಿನ ದೊಡ್ಡ ಆಂಟೆನಾ ಇತ್ತು. ಆ ಕಾಲದ ಬೇರೆ ಉಪಗ್ರಹಗಳ ಸಿಗ್ನಲ್ ಹಿಡಿಯಲು ನೆಲದ ಮೇಲೆ ಭಾರಿ ಕೇಂದ್ರ ಕಟ್ಟಬೇಕಿತ್ತು. ಇಲ್ಲಿ ದೊಡ್ಡ ಆಂಟೆನಾವನ್ನು ಮೇಲೆ ಕಳಿಸಿ, ಹಳ್ಳಿಯ ಖರ್ಚನ್ನು ಕಡಿಮೆ ಮಾಡಿದ್ದರು. ಹಳ್ಳಿಯ ಸೆಟ್ಟುಗಳನ್ನು ತಯಾರಿಸಿದ್ದು ಹೈದರಾಬಾದಿನ ಇಸಿಐಎಲ್ ಎಂಬ ಸರ್ಕಾರಿ ಕಂಪನಿ. ಕರೆಂಟ್ ಇಲ್ಲದ ಕೆಲವು ಊರುಗಳಲ್ಲಿ ಬ್ಯಾಟರಿ ಮೇಲೆ ನಡೆಸಿದರು.

ಬೆಳಿಗ್ಗೆ ನಮಗೆ, ಮಕ್ಕಳಿಗೆ. ಸಂಜೆ ದೊಡ್ಡವರಿಗೆ ಒಕ್ಕಲುತನ, ಆರೋಗ್ಯ, ಒಂದಿಷ್ಟು ಹಾಡು ಕುಣಿತ. ಆಂಧ್ರದ ಹಳ್ಳಿಗಳಿಗೂ ನಮಗೂ ಚಿತ್ರ ಒಂದೇ, ಮಾತು ಮಾತ್ರ ಎರಡು. ಒಂದೇ ಚಿತ್ರದ ಜೊತೆ ತೆಲುಗು ಮತ್ತು ಕನ್ನಡ ಧ್ವನಿ ಬೇರೆ ಬೇರೆ ಬರುತ್ತಿದ್ದವು, ನಮ್ಮ ಸೆಟ್ ಕನ್ನಡದ್ದನ್ನು ಆರಿಸಿಕೊಳ್ಳುತ್ತಿತ್ತು. ಒಮ್ಮೊಮ್ಮೆ ತುಟಿ ಅಲ್ಲಾಡುವುದಕ್ಕೂ ಮಾತಿಗೂ ತಾಳೆ ಆಗುತ್ತಿರಲಿಲ್ಲ. ಅದರಿಂದ ನಮಗೇನೂ ತೊಂದರೆ ಆಗಲಿಲ್ಲ. ಸಿನಿಮಾ ಟಾಕೀಸನ್ನೇ ನೋಡದ ಮಕ್ಕಳು ನಾವು.

ವರ್ಷ ಮುಗಿದ ಮೇಲೆ ಉಪಗ್ರಹವನ್ನು ಅಮೆರಿಕದವರು ತಮ್ಮ ಕಡೆಗೆ ಸರಿಸಿಕೊಂಡರು. ಆಮೇಲೆ 1977ರಲ್ಲಿ ಗುಲ್ಬರ್ಗದಲ್ಲೇ ಟ್ರಾನ್ಸ್‌ಮಿಟರ್ ಹಾಕಿದರು. ನಮ್ಮೂರು ಅದಕ್ಕೆ ಹತ್ತಿರ. ಹಾಗಾಗಿಯೇ ಅಪ್ಪನಿಗೆ ಮೂರು ವರ್ಷದಲ್ಲಿ ಸ್ವಂತ ಟಿವಿ ತರುವ ಧೈರ್ಯ ಬಂತು. ಬೆಂಗಳೂರಿನಲ್ಲಿದ್ದ ನಮ್ಮ ಸೋದರಮಾವ ರಜೆಗೆ ಬಂದಾಗ ನಮ್ಮ ಮನೆಯಲ್ಲಿ ಕೂತು ಟಿವಿ ನೋಡುತ್ತಿದ್ದ. ಅದು ನೆನಪಾದರೆ ನನಗೆ ಇವತ್ತಿಗೂ ಖುಷಿ.

ಈಗ ಅಂಗಡಿಯ ಕೆಲಸಕ್ಕೆ ಬರುತ್ತೇನೆ. ನಾನು ಹೋಗುವ ಮೊದಲು ಬೇರೆ ಎರಡು ಕಡೆ ಕೇಳಿದ್ದೆ. ಒಬ್ಬರು ಮುಟ್ಟಲೇ ಇಲ್ಲ. ಇನ್ನೊಬ್ಬರು ಒಳಗಿನದ್ದೆಲ್ಲ ಕಿತ್ತು ಎಲ್‌ಇಡಿ ಪ್ಯಾನಲ್ ಕೂರಿಸಿ ಕೊಡುತ್ತೇನೆ ಎಂದರು. ಉಸ್ತಾದ್ ಮಾತ್ರ ಸೆಟ್ ನೋಡಿದ ಕೂಡಲೇ ಎದ್ದು ಬಂದು ಶಟರ್ ಸರಿಸಿ ನೋಡಿದರು. ಮೊದಲು ಕೇಳಿದ್ದು ಒಂದೇ ಪ್ರಶ್ನೆ. "ಮನ್ಯಾಗ ಪ್ಲಗ್ ಹಾಕಿ ನೋಡೀರೇನ್ರಿ?" ಇಲ್ಲ ಎಂದೆ. "ಛಲೋ ಮಾಡೀರಿ. ವರ್ಷಾನುಗಟ್ಲೆ ಬಿದ್ದಿದ್ದಕ್ಕ ಸೀದಾ ಕರೆಂಟ್ ಕೊಡಬಾರದ್ರಿ."

ಅವರ ಹತ್ತಿರ ಒಂದು ಮರದ ಹಲಗೆ ಇದೆ. ಅದರ ಮೇಲೆ ಒಂದು ಹೋಲ್ಡರ್, 200 ವ್ಯಾಟಿನ ಗಾಜಿನ ಬಲ್ಬ್, ಪಕ್ಕದಲ್ಲಿ ಒಂದು ಸಾಕೆಟ್. ಸೀರೀಸ್ ಬಲ್ಬ್ ಎನ್ನುತ್ತಾರೆ. ಟಿವಿಗೆ ಹೋಗುವ ಕರೆಂಟ್ ಆ ಬಲ್ಬಿನ ಮೂಲಕವೇ ಹೋಗಬೇಕು. ಒಳಗೆ ಶಾರ್ಟ್ ಇದ್ದರೆ ಬಲ್ಬ್ ಪೂರ್ತಿ ಉರಿಯುತ್ತದೆ, ಸೆಟ್ ಉಳಿಯುತ್ತದೆ. ಅದಕ್ಕೂ ಮೊದಲು ಅವರು ಧೂಳು ಹೊಡೆದರು. ಬಣ್ಣ ಹೊಡೆಯುವ ಮೆತ್ತನೆ ಬ್ರಷ್ ಹಿಡಿದು, ಒಂದೊಂದೇ ವಾಲ್ವ್ ತೆಗೆದು, ಪಿನ್ನು ಒರೆಸಿ, ಮತ್ತೆ ಕೂರಿಸಿದರು. ನಮ್ಮ ಕಡೆಯ ಕರಿಮಣ್ಣಿನ ಧೂಳು, ಬೇಸಿಗೆಯ ಬಿಸಿಲು, ಎರಡೂ ಸೇರಿ ಒಳಗೆ ಗಟ್ಟಿ ಪದರ ಆಗಿತ್ತು. ಟ್ಯೂಬಿನ ಪಕ್ಕದ ದಪ್ಪ ವಯರಿನ ರಬ್ಬರ್ ಟೋಪಿಯ ಕೆಳಗೆ ಸ್ಕ್ರೂಡ್ರೈವರ್ ತೂರಿಸಿ, ಅದರ ಇನ್ನೊಂದು ತುದಿಯನ್ನು ತಂತಿಯಿಂದ ಟ್ಯೂಬಿನ ಹೊರಗಿನ ಅರ್ತಿಗೆ ಕಟ್ಟಿ, ಉಳಿದ ಚಾರ್ಜ್ ಇಳಿಸಿದರು. ಅಲ್ಲಿ ಚಾಲೂ ಇದ್ದಾಗ 15ರಿಂದ 18 ಸಾವಿರ ವೋಲ್ಟ್ ಇರುತ್ತದೆ. ದಯವಿಟ್ಟು ಮನೆಯಲ್ಲಿ ಯಾರೂ ಆ ಟೋಪಿಗೆ ಕೈ ಹಾಕಬೇಡಿ. ಬಂದ್ ಮಾಡಿದ ಮೇಲೂ ಅದು ಹೊಡೆಯುತ್ತದೆ.

ನಮ್ಮದು ಹೈಬ್ರಿಡ್ ಸೆಟ್. ಸಿಗ್ನಲ್ ಹಿಡಿಯುವುದು, ಧ್ವನಿ, ಇವೆಲ್ಲ ಟ್ರಾನ್ಸಿಸ್ಟರ್. ಜಾಸ್ತಿ ವೋಲ್ಟೇಜ್ ಕೆಲಸಕ್ಕೆ ಮಾತ್ರ ವಾಲ್ವ್. ಪಿಎಲ್ 504, ಪಿವೈ 88, ಪಿಸಿಎಲ್ 805, ಪಿಸಿಎಫ್ 802, ಮತ್ತೆ ಆ ಹೈ ವೋಲ್ಟೇಜಿಗೆ ಡಿವೈ 802. ಕೊನೆಯದೊಂದನ್ನು ಬಿಟ್ಟು ಉಳಿದವುಗಳ ಫಿಲಮೆಂಟನ್ನು, ಅಂದರೆ ಒಳಗೆ ಕಾದು ಕೆಂಪಗಾಗುವ ತಂತಿಯನ್ನು, ಗಣಪತಿ ಪೆಂಡಾಲಿನ ಸೀರಿಯಲ್ ಲೈಟಿನ ಹಾಗೆ ಒಂದರ ಹಿಂದೆ ಒಂದು ಜೋಡಿಸಿರುತ್ತಾರೆ. ಒಂದು ಹೋದರೆ ಎಲ್ಲವೂ ಬಂದ್. ಪುಣ್ಯಕ್ಕೆ ಯಾವುದೂ ಹೋಗಿರಲಿಲ್ಲ. ಸ್ವಿಚ್ ಹಾಕಿದರು. ಬಲ್ಬ್ ಮೊದಲು ಜೋರಾಗಿ ಉರಿಯಿತು, ನಿಧಾನವಾಗಿ ಮಂಕಾಯಿತು. ಅತ್ತ ಟಿವಿಯ ಹಿಂದೆ ವಾಲ್ವುಗಳು ಕೆಂಪಗಾದವು. ಸ್ವಲ್ಪ ಹೊತ್ತಿಗೆ ಸ್ಪೀಕರಿನಲ್ಲಿ ಸುಯ್ ಎಂಬ ಸದ್ದು. ಪರದೆ ಮಾತ್ರ ಕಪ್ಪು.

ಬಲ್ಬ್ ತೆಗೆದು ಪೂರ್ತಿ ಕರೆಂಟ್ ಕೊಟ್ಟಾಗ ಪಿಎಲ್ 504ರ ಒಳಗಿನ ತಗಡು ಕೆಂಪಗಾಗತೊಡಗಿತು. ಫಿಲಮೆಂಟ್ ಕೆಂಪಾಗುವುದು ಬೇರೆ, ತಗಡು ಕೆಂಪಾಗುವುದು ಬೇರೆ. ಉಸ್ತಾದ್ ಆ ಕ್ಷಣವೇ ಬಂದ್ ಮಾಡಿದರು. ಆ ವಾಲ್ವಿನ ಕೆಲಸ ಸೆಕೆಂಡಿಗೆ 15,625 ಸಲ ಗೆರೆ ಎಳೆಸುವುದು. 625 ಗೆರೆ, ಸೆಕೆಂಡಿಗೆ 25 ಚಿತ್ರ, ಗುಣಿಸಿದರೆ ಅಷ್ಟೇ ಬರುತ್ತದೆ. ಅದರ ಗ್ರಿಡ್ಡಿಗೆ, ಅಂದರೆ ಕರೆಂಟನ್ನು ಅಂಕೆಯಲ್ಲಿಡುವ ಜಾಲರಿಗೆ, ಸಿಗ್ನಲ್ ತರುವ ಕಂಡೆನ್ಸರ್ (ಚಾರ್ಜ್ ಹಿಡಿದಿಡುವ ಬಿಡಿಭಾಗ) ಸೋರುತ್ತಿದ್ದರೆ ವಾಲ್ವ್ ಅಂಕೆ ತಪ್ಪಿ ಕರೆಂಟ್ ಎಳೆದು ಕಾಯುತ್ತದೆ. ಅದನ್ನು ಬಿಚ್ಚಿ ಮೀಟರಿಗೆ ಹಿಡಿದು ನನಗೂ ತೋರಿಸಿದರು. ಮುಳ್ಳು ಅಲ್ಲಾಡಬಾರದಿತ್ತು, ಅಲ್ಲಾಡಿತು. "ವಾಲ್ವ್ ಛಲೋ ಅವ ನೋಡ್ರಿ, ಕಂಡೆನ್ಸರ್ ಹಾಳಾಗ್ಯಾವ" ಎಂದರು. ಆದರೂ ಆ ಒಂದು ವಾಲ್ವ್ ಬಹಳ ಹಳೆಯದು, ಹೀಗೆ ಕಾದದ್ದನ್ನು ನೆಚ್ಚಿಕೊಳ್ಳಬಾರದು ಎಂದು ತಮ್ಮ ಹಳೇ ಸ್ಟಾಕಿನಿಂದ ಒಂದು ಹೊಸದನ್ನು ಹಾಕಿದರು. ಡಬ್ಬಿ ಕೂಡ ಬಿಚ್ಚಿರಲಿಲ್ಲ.

ಅದಾದ ಮೇಲೆ ಪರದೆಯ ಮೇಲೆ ಬೆಳಕು ಬಂತು, ಆದರೆ ಕೆಳಗಡೆ ಹಿಚುಕಿದ ಹಾಗೆ. ಅದಕ್ಕೆ ಕಾರಣ, ಚಿತ್ರವನ್ನು ಮೇಲಿಂದ ಕೆಳಗೆ ಹರಡುವ ಪಿಸಿಎಲ್ 805 ವಾಲ್ವಿನ ಕ್ಯಾಥೋಡಿಗೆ ಹಾಕಿದ ಎಲೆಕ್ಟ್ರೋಲಿಟಿಕ್ ಕಂಡೆನ್ಸರ್ ಒಣಗಿದ್ದು. ಅದನ್ನು ಹೇಗೆ ಕಂಡುಹಿಡಿದರು ಗೊತ್ತಾ? ಹಿಂದಿನ ಮುಚ್ಚಳದ ಒಳಮೈಗೆ ಕಂಪನಿಯವರು ಸರ್ಕ್ಯೂಟ್ ಡಯಾಗ್ರಾಂ ಅಂಟಿಸಿದ್ದರು. ಯಾವ ಜಾಗದಲ್ಲಿ ಎಷ್ಟು ವೋಲ್ಟ್ ಇರಬೇಕು ಎಂಬುದೂ ಅದರಲ್ಲೇ ಇತ್ತು. ಉಸ್ತಾದ್ ಆ ಹಾಳೆಯನ್ನು ಬೆರಳಿನಿಂದ ಓದುತ್ತಾ ಹೋದರು. ಇದೇ ಈ ಸೆಟ್ಟಿನ ದೊಡ್ಡ ಗುಣ ಎಂದು ನಾನು ಹೇಳುವುದು. ಅಪ್ಪ ಕೊಟ್ಟ ಹನ್ನೊಂದು ಕ್ವಿಂಟಲಿನಲ್ಲಿ ಆ ಹಾಳೆಯ ಬೆಲೆಯೂ ಸೇರಿತ್ತು. ಬಿಚ್ಚಿ ನೋಡುವ ಹಕ್ಕನ್ನೂ ಕೊಳ್ಳುವವನಿಗೆ ಕೊಟ್ಟಿದ್ದರು.

ಅಂಗಡಿಯ ಇನ್ನೊಂದು ಬದಿಯಲ್ಲಿ ಉಸ್ತಾದ್ ಅವರ ತಂಗಿಯ ಮಗ ಎಲ್‌ಇಡಿ ಟಿವಿ ರಿಪೇರಿ ಮಾಡುತ್ತಾನೆ. ಅವನ ಕಡೆ ಗೋಡೆಗೆ ಆನಿಸಿಟ್ಟ ಪ್ಯಾನಲ್ಲುಗಳ ಸಾಲೇ ಇದೆ. "ಬ್ಯಾಕ್‌ಲೈಟ್ ಹೋದ್ರ ಮಾಡಿಕೊಡಬಹುದು ಅಂಕಲ್, ಪ್ಯಾನಲ್ ಒಡದ್ರ ಹೊಸ ಟಿವಿ ತರೋದೇ ವಾಸಿ" ಎಂದ. ಕೆಲಸ ಗೊತ್ತಿರುವ ಹುಡುಗ, ಸುಮ್ನೆ ಹೇಳಿದ್ದಲ್ಲ. ಹೊಸ ಟಿವಿಗಳು ಅಗ್ಗವಾದದ್ದು ದೊಡ್ಡ ಉಪಕಾರ, ಅದನ್ನು ನಾನು ಒಪ್ಪುತ್ತೇನೆ. ಗಂಜ್‌ನ ಹಮಾಲರ ಮನೆಯಲ್ಲೂ ಇವತ್ತು ಟಿವಿ ಇದೆ. ಆದರೆ ಮೂರು ಕ್ವಿಂಟಲ್ ಕೊಟ್ಟ ವಸ್ತುವಿನ ಜೊತೆಗೂ ಒಂದು ಸರ್ಕ್ಯೂಟ್ ಹಾಳೆ, ಹತ್ತು ವರ್ಷ ಸಿಗುವ ಬಿಡಿಭಾಗ ಕೊಡಬೇಕು ಎಂದು ಕೇಳುವುದು ನ್ಯಾಯ ಅಲ್ವಾ?

ಸೆಟ್ ಸರಿಯಾಯಿತು, ಆದರೆ ಅದರಲ್ಲಿ ನೋಡುವುದೇನು? ದೂರದರ್ಶನದ ಹಳೆಯ ಅನಲಾಗ್ ಟ್ರಾನ್ಸ್‌ಮಿಟರುಗಳನ್ನು ದೇಶದಲ್ಲೆಲ್ಲ ಹೆಚ್ಚುಕಡಿಮೆ ಬಂದ್ ಮಾಡಿದ್ದಾರೆ. ಕಲಬುರಗಿ ಕೇಂದ್ರದ ಕಾರ್ಯಕ್ರಮಗಳು ಚಂದನಕ್ಕೆ, ಯೂಟ್ಯೂಬಿಗೆ ಹೋಗುತ್ತವೆ, ಮನೆ ಮೇಲಿನ ಆಂಟೆನಾಕ್ಕೆ ಬರುವುದಿಲ್ಲ. ನಾನು ಸೆಟ್‌ಟಾಪ್ ಬಾಕ್ಸಿನ ಹಳದಿ, ಬಿಳಿ ವಯರಿಗೆ ಟಿವಿಯ ಹಿಂದೆ ಒಂದು ಸಾಕೆಟ್ ಹಾಕಿಕೊಡಿ ಎಂದು ಕೇಳಿದೆ. ಉಸ್ತಾದ್ ಖಡಾಖಂಡಿತ ಒಪ್ಪಲಿಲ್ಲ. ಈ ಹಳೇ ಸೆಟ್ಟುಗಳಲ್ಲಿ ಮನೆ ಕರೆಂಟಿನ ಒಂದು ತಂತಿ ಸೀದಾ ಚಾಸಿಗೇ, ಅಂದರೆ ಒಳಗಿನ ಲೋಹದ ಚೌಕಟ್ಟಿಗೇ, ಕೂಡಿರುತ್ತದೆ. ಪ್ಲಗ್ ಉಲ್ಟಾ ಹಾಕಿದರೆ ಚಾಸಿಯಲ್ಲೇ ಕರೆಂಟ್. ಸಾಕೆಟ್ ಹಾಕಿದರೆ ಆ ಕರೆಂಟ್ ಬಾಕ್ಸಿಗೆ, ಬಾಕ್ಸ್ ಮುಟ್ಟಿದ ಮಗುವಿಗೆ ಹೋಗುತ್ತದೆ. ಕೇಳಿದ್ದನ್ನು ಮಾಡಿ ದುಡ್ಡು ಎಣಿಸುವವರ ನಡುವೆ, ಆಗದು ಎಂದು ಹೇಳಿ ಕಾರಣ ತಿಳಿಸುವ ಮೆಕ್ಯಾನಿಕ್ ಸಿಗುವುದು ಅಪರೂಪ. ಈ ಅಂಗಡಿಗೆ ನಾನು ಅತಿ ಜಾಸ್ತಿ ಅಂಕ ಕೊಡುವುದು ಇದಕ್ಕೇ.

ದಾರಿ ಅವರೇ ತೋರಿಸಿದರು. ಆಂಟೆನಾ ಸಾಕೆಟ್ಟಿಗೆ ಒಳಗೆ ಕಂಡೆನ್ಸರುಗಳ ರಕ್ಷಣೆ ಇರುತ್ತದೆ, ಅದರಿಂದಲೇ ಕೊಡಬೇಕು. ಬಾಕ್ಸಿನ ಚಿತ್ರವನ್ನು ಮತ್ತೆ ಚಾನಲ್ ಸಿಗ್ನಲ್ ಮಾಡುವ ಮಾಡ್ಯುಲೇಟರ್ ಬೇಕು. ನಮ್ಮ ಸೆಟ್ ಬರೀ ವಿಎಚ್‌ಎಫ್ ಎಂಬ ಕೆಳಗಿನ ತರಂಗಪಟ್ಟಿಯನ್ನು ಹಿಡಿಯುತ್ತದೆ, ಅದಕ್ಕಿಂತ ಮೇಲಿನ ಯುಎಚ್‌ಎಫ್ ಪಟ್ಟಿಯ ಮಾಡ್ಯುಲೇಟರ್ ತಂದರೆ ಉಪಯೋಗವಿಲ್ಲ. ಹಿಂದೆ ಕೇಬಲ್‌ನವರು ಕಂಟ್ರೋಲ್ ರೂಮಿನಲ್ಲಿ ಬಳಸುತ್ತಿದ್ದ ವಿಎಚ್‌ಎಫ್ ಮಾಡ್ಯುಲೇಟರ್ ಒಂದು ಅವರ ಕಪಾಟಿನಲ್ಲಿತ್ತು. ಅದನ್ನು ಚೆಕ್ ಮಾಡಿ 700 ರೂಪಾಯಿಗೆ ಕೊಟ್ಟರು. ದುಂಡನೆ ಕೇಬಲ್ಲಿಗೂ ಟಿವಿಯ ಚಪ್ಪಟೆ ತಂತಿಗೂ ನಡುವೆ ಎರಡನ್ನೂ ಹೊಂದಿಸುವ ಬಾಲನ್ ಎಂಬ ಪುಟ್ಟ ಭಾಗ ಹಾಕಿದರು.

ಚಿತ್ರ ಹೇಗಿದೆ? ಚೆನ್ನಾಗಿದೆ. ಈಗಿನ ಕಾರ್ಯಕ್ರಮಗಳು ಅಗಲ ಪರದೆಗೆ ಮಾಡಿದವು, ಹಾಗಾಗಿ ಮೇಲೆ ಕೆಳಗೆ ಕಪ್ಪು ಪಟ್ಟಿ ಬರುತ್ತದೆ. ಚಿಕ್ಕ ಅಕ್ಷರದ ಸುದ್ದಿಪಟ್ಟಿ ಓದಲು ಕಷ್ಟ. ಆದರೆ ಮುಖಗಳು, ಹಳೆಯ ಕಪ್ಪು ಬಿಳುಪು ಸಿನಿಮಾ, ವಚನ ಗಾಯನ, ಇವಕ್ಕೆ ಈ ಪರದೆಯ ಮೆತ್ತನೆ ಬೆಳಕು ಬಹಳ ಒಪ್ಪುತ್ತದೆ. ಕಪ್ಪು ಮತ್ತು ಬಿಳಿಯ ನಡುವಿನ ಬೂದು ಬಣ್ಣಗಳು ಎಷ್ಟೊಂದು ಬಗೆ! ಚಾಲೂ ಮಾಡಿದಾಗ ಮೊದಲು ಮಾತು ಬರುತ್ತದೆ, ಚಿತ್ರ ಆಮೇಲೆ ನಿಧಾನವಾಗಿ ಮೂಡುತ್ತದೆ. ಟ್ಯೂಬ್ ಸ್ವಲ್ಪ ಸವೆದಿದೆ. ತುಂಬಾ ಬೆಳ್ಳಗಿರುವ ಜಾಗದಲ್ಲಿ ಬೆಳ್ಳಿ ಬಳಿದ ಹೊಳಪು ಬರುವುದು ಅದರ ಗುರುತಂತೆ. ಫಿಲಮೆಂಟಿಗೆ ವೋಲ್ಟೇಜ್ ಏರಿಸಿ ಹೊಳಪು ಹೆಚ್ಚಿಸಬಹುದಾ ಎಂದು ಕೇಳಿದೆ. "ಏರಿಸಬಹುದ್ರಿ, ಆದ್ರ ಟ್ಯೂಬ್ ಲಗೂನ ಹೋಗ್ತದ. ಇದ್ದಂಗ ಇರ್ಲಿ ಬಿಡ್ರಿ" ಎಂದರು. ಹಾಗೇ ಬಿಟ್ಟಿದ್ದೇವೆ. ಮೊಮ್ಮಗ ಹತ್ತಿರ ಕೂತರೆ ಒಂದು ಸಣ್ಣ ಸಿಳ್ಳೆ ಕೇಳಿಸುತ್ತದೆ ಎನ್ನುತ್ತಾನೆ. ಅದು ಅದೇ 15,625ರ ಸದ್ದು. ಎಳೆ ಕಿವಿಗೆ ಮಾತ್ರ ಸಿಗುತ್ತದೆ, ನನಗೆ ಕೇಳಿಸುವುದಿಲ್ಲ.

ಬಿಲ್ಲು ಹೀಗೆ: ಕಂಡೆನ್ಸರುಗಳಿಗೆ 780, ವಾಲ್ವಿಗೆ 600, ರೆಸಿಸ್ಟರ್ ಮತ್ತಿತರ ಸಣ್ಣಪುಟ್ಟದ್ದಕ್ಕೆ 120, ಟ್ಯೂನರ್ ಸ್ವಚ್ಛ ಮಾಡಿದ್ದಕ್ಕೆ 250, ಕೂಲಿ 1,200. ಒಟ್ಟು 2,950. ಮಾಡ್ಯುಲೇಟರ್ ಸೇರಿ 3,650. ಅಪ್ಪ ಟಿವಿಗೆ ಕೊಟ್ಟದ್ದಕ್ಕಿಂತ ರೂಪಾಯಿಯಲ್ಲಿ ಜಾಸ್ತಿ. ತೊಗರಿಯಲ್ಲಿ ನೋಡಿದರೆ 46 ಕಿಲೋಗೂ ಕಡಿಮೆ. ಬದಲಿಸಿದ ಪ್ರತಿಯೊಂದು ಭಾಗವನ್ನೂ ಒಂದು ಚೀಲದಲ್ಲಿ ಹಾಕಿ ವಾಪಸ್ ಕೊಟ್ಟರು. ಆರು ತಿಂಗಳ ಗ್ಯಾರಂಟಿ ಬಾಯಿಮಾತಿನದ್ದು, ಆದರೆ ಮಾತಿಗೆ ತಪ್ಪುವವರಲ್ಲ. ನಡುವೆ ಒಂದು ಸಲ ಧ್ವನಿ ನಿಂತಾಗ ಮನೆಗೇ ಬಂದು, ಡ್ರೈ ಸೋಲ್ಡರ್, ಅಂದರೆ ಸರಿಯಾಗಿ ಕೂಡದ ಬೆಸುಗೆ, ಹುಡುಕಿ ಮತ್ತೆ ಬೆಸುಗೆ ಹಾಕಿ ಹೋದರು. ದುಡ್ಡು ಮುಟ್ಟಲಿಲ್ಲ.

ಕೊರತೆಗಳೂ ಇವೆ. ಹೇಳಿದ ದಿನಕ್ಕೆ ಕೆಲಸ ಮುಗಿಯುವುದಿಲ್ಲ. ಬಿಡಿಭಾಗಕ್ಕೆ ಹೈದರಾಬಾದಿಗೆ ಹೇಳಿ ಕಳಿಸಬೇಕಾಗುತ್ತದೆ, ಅದು ಬರುವವರೆಗೆ ಕಾಯಬೇಕು. ಕಾಯುವುದು ತಪ್ಪಲ್ಲ, ಆದರೆ ತಡವಾಗುತ್ತದೆ ಎಂದು ಅವರಾಗೇ ಒಂದು ಫೋನ್ ಮಾಡಿದರೆ ಗಿರಾಕಿಗೆ ಅನುಕೂಲ. ನಾವು ಮಾಡಿದರೂ ಕೆಲಸದ ಹೊತ್ತಿನಲ್ಲಿ ಎತ್ತುವುದಿಲ್ಲ. ಬಿಲ್ಲು ಕೇಳಿದರೆ ಮಾತ್ರ ಬರೆದುಕೊಡುತ್ತಾರೆ, ಕೇಳಿಯೇ ತಗೊಳ್ಳಿ. ಕಲರ್ ಟ್ಯೂಬ್ ಹೋದ ಸೆಟ್ಟನ್ನು ಅವರು ಹಿಡಿಯುವುದಿಲ್ಲ, ಹೊಸ ಟ್ಯೂಬ್ ಎಲ್ಲೂ ಸಿಗುತ್ತಿಲ್ಲ ಎನ್ನುತ್ತಾರೆ. ಆಮೇಲೆ ಆ ಗಲ್ಲಿ ಬಹಳ ಇಕ್ಕಟ್ಟು. ಕಾರು ಒಳಗೆ ಹೋಗುವುದಿಲ್ಲ.

ಐದಕ್ಕೆ ನಾಲ್ಕೂವರೆ. ತಡ ಮಾಡದಿದ್ದರೆ ಪೂರ್ತಿ ಐದು ಕೊಡುತ್ತಿದ್ದೆ.

ಹೋಗುವವರಿಗೆ ಕೆಲವು ಮಾತು. ಟಿವಿಯನ್ನು ಟಂಟಂನಲ್ಲಿ ಒಯ್ಯುವುದಾದರೆ ಕೆಳಗೆ ಎರಡು ಕೌದಿ ಹಾಸಿ, ಪರದೆ ಕೆಳಮುಖ ಮಾಡಿ ಮಲಗಿಸಿ. ಭಾರವೆಲ್ಲ ಆ ಕಡೆಯೇ ಇರುತ್ತದೆ, ಟ್ಯೂಬಿನ ಕುತ್ತಿಗೆಗೆ ಏಟು ಬೀಳುವುದಿಲ್ಲ. ಹಿಂದಿನ ಮುಚ್ಚಳ, ಅದರ ಒಳಗಿನ ಹಾಳೆ, ಕಳೆದುಹೋಗದ ಹಾಗೆ ಜೊತೆಗೇ ಒಯ್ಯಿರಿ. ಮನೆಯಲ್ಲಿ ಹಳೆಯ ವಾಲ್ವ್, ಗುಂಡಿ, ಏನಿದ್ದರೂ ತಗೊಂಡು ಹೋಗಿ, ಬೇರೆ ಯಾರದ್ದೋ ಸೆಟ್ಟಿಗೆ ಆಗುತ್ತದೆ, ಅವರು ಅದಕ್ಕೆ ಬೆಲೆಯನ್ನೂ ಕೊಡುತ್ತಾರೆ. ಶುಕ್ರವಾರ ಮಧ್ಯಾಹ್ನ ಅಂಗಡಿ ಬಂದ್ ಇರುತ್ತದೆ. ಉಳಿದ ದಿನ ಬೆಳಿಗ್ಗೆ ಹನ್ನೊಂದರ ಮೇಲೆ ಹೋದರೆ ಉಸ್ತಾದ್ ಸಿಗುತ್ತಾರೆ.